ಕಸಿನ್ ಅಂದರೆ ಯಾರ ಮಗಳು

ಪ್ರಭುದೇವನ ತಾಯಿ ನಿಂಗವ್ವ ಮೊಮ್ಮಗಳಿಗೆ ಇಂಗ್ಲಿಷ್ ಹುಡುಗನನ್ನು ಒಪ್ಪಿಕೊಂಡುಬಿಟ್ಟಳಂತೆ ಎಂಬ ಸುದ್ದಿ ಸಿಂಗಪುರದ ಟ್ಯಾಂಪಿನೀಸಿನ ಕನ್ನಡದ ಮನೆಗಳಿಗೆ ಮುಟ್ಟುವ ಮೊದಲೇ, ಒಪ್ಪಲಿಲ್ಲವಂತೆ ಎಂಬ ಸುದ್ದಿ ಅದನ್ನು ಹಿಂದೆ ಹಾಕಿ ಓಡಿತ್ತು. ಎರಡೂ ನಿಜವೇ. ಎರಡರ ನಡುವೆ ಒಂದು ತಟ್ಟೆ ಗಿರ್ಮಿಟ್ ತಿಂದು ಮುಗಿಸುವಷ್ಟು ಹೊತ್ತಿತ್ತು, ಮತ್ತು ಒಂದು ಇಂಗ್ಲಿಷ್ ಶಬ್ದವಿತ್ತು. ಆ ಶಬ್ದವನ್ನು ತಪ್ಪಾಗಿ ಕನ್ನಡ ಮಾಡಿದವಳು ನಿಂಗವ್ವನ ಸೊಸೆ ಸುರೇಖಾ.

ಸುರೇಖಾಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಯಾರೂ ತಿಳಿಯಬಾರದು. ಬೈಲಹೊಂಗಲದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಗಂಡನ ಹಿಂದೆ ಸಿಂಗಪುರಕ್ಕೆ ಬಂದವಳು. ಟೋವಾ ಪಾಯೋದ ಒಂದು ಆಫೀಸಿನಲ್ಲಿ ವರ್ಷಗಟ್ಟಲೆ ಅಡ್ಮಿನ್ ಕೆಲಸ ಮಾಡಿ, ಚೀನೀ ಬಾಸಿನ ಇಂಗ್ಲಿಷನ್ನೂ ಮಲಯ ಟ್ಯಾಕ್ಸಿ ಡ್ರೈವರನ ಇಂಗ್ಲಿಷನ್ನೂ ಸಲೀಸಾಗಿ ಅರಗಿಸಿಕೊಂಡವಳು. ಅವಳು ಎಡವಿದ್ದು ಇಂಗ್ಲೆಂಡಿನವನ ಇಂಗ್ಲಿಷಿನಲ್ಲಿ.

ಆ ಇಂಗ್ಲೆಂಡಿನವನ ಹೆಸರು ಟೋಬಿ ಪೆನ್‌ಫೋಲ್ಡ್. ಅದು ಎರಡು ಸಾವಿರದ ಏಳನೆಯ ಇಸವಿ. ಟೈ ಕಟ್ಟಲು ಬರುವವರನ್ನೆಲ್ಲ ಬ್ಯಾಂಕುಗಳು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ. ಟೋಬಿಯೂ ಹಾಗೆ ಬಂದವನು. ಬ್ಯೂನಾ ವಿಸ್ಟಾದ ಒಂದು ಮೀಡಿಯಾ ಕಂಪನಿಯಲ್ಲಿದ್ದ ಸುರೇಖಾಳ ಮಗಳು ಇಶಿತಾ ಅವನನ್ನು ಎಲ್ಲಿ ಕಂಡಳೋ, ಹೇಗೆ ಮೆಚ್ಚಿದಳೋ, ಅದು ಬೇರೆ ಕಥೆ. ವರ್ಷದ ಕೊನೆಗೆ ಅವನಿಗೆ ಲಂಡನ್ನಿಗೆ ವರ್ಗ. ಅಷ್ಟರೊಳಗೆ ಮದುವೆಯಾಗಿ ಜೊತೆಗೆ ಹೋಗಬೇಕೆಂದು ಇಬ್ಬರೂ ತೀರ್ಮಾನಿಸಿದ್ದರು. ಆದರೆ ಇಶಿತಾ ಅಜ್ಜಿಯ ತೊಡೆಯ ಮೇಲೆ ಬೆಳೆದ ಹುಡುಗಿ. ಅಜ್ಜಿ ಹೂಂ ಅನ್ನಬೇಕು.

ಬಣ್ಣದ ಮಾತು ಬರುತ್ತದೆ, ಜಾತಿಯ ಮಾತು ಬರುತ್ತದೆ, ಮಾಂಸದ ಮಾತಂತೂ ಬಂದೇ ಬರುತ್ತದೆ ಎಂದು ಇಶಿತಾ ವಾದಗಳನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಮುದುಕಿ ಒಂದನ್ನೂ ಖರ್ಚು ಮಾಡಗೊಡಲಿಲ್ಲ.

“ಬಣ್ಣ ಬ್ಯಾರೆ ಇದ್ರ ಇರ್ಲಿ. ಇಷ್ಟ ವರ್ಷ ಈ ಊರಾಗ ಎಲ್ಲಾ ಬಣ್ಣಾ ನೋಡೇನಿ,” ಅಂದಳು. “ಮನಿತನ ಛಲೋ ಐತೇನು? ಅಷ್ಟ ಕೇಳ್ರಿ. ಮತ್ತ ಟೋಪಿ ಅಂತ ಹೆಸರ ಇಟಗೊಂಡು ಬಂದಾನಲ್ಲ, ನಮಗ ಹಾಕಾಕ ಬಂದಾನೋ ಏನೋ.”

“ಅಜ್ಜಿ, ಟೋಪಿ ಅಲ್ಲ ಲಾ. ಟೋಬಿ. ಬಿ, ಬಿ,” ಎಂದು ಇಶಿತಾ ಸಿಂಗಪುರದವರಂತೆ ಮಾತಿಗೊಂದು ‘ಲಾ’ ಅಂಟಿಸಿ ತಿದ್ದಿದಳು.

ಅಂತೂ ಒಂದು ಶನಿವಾರ ಟೋಬಿ ಹಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಸೋಫಾದ ತುದಿಯಲ್ಲಿ ಕುಳಿತ. ಎದುರಿಗೆ ದಿವಾನಿನ ಮೇಲೆ ನಿಂಗವ್ವ. ನಡುವೆ ಗಿರ್ಮಿಟ್, ಮಿರ್ಚಿಭಜಿ ಮತ್ತು ದುಭಾಷಿ ಸುರೇಖಾ. ಮನೆಯವರು ಏನು ಮಾಡುತ್ತಾರೆಂದು ಕೇಳಿದ್ದಕ್ಕೆ ಹುಡುಗ ಒಕ್ಕಲುತನ ಅಂದ. ನಿಂಗವ್ವನ ತಲೆ ಆಡಿತು. ಎಷ್ಟು ಕಾಲದಿಂದ ಅಂದರೆ, ಡಾರ್ಸೆಟ್ ಸೀಮೆಯ ಲಿಟಲ್ ಹ್ಯಾಡ್‌ಕೋಂಬ್ ಎಂಬ ಹಳ್ಳಿಯಲ್ಲಿ ಮುನ್ನೂರು ವರ್ಷದಿಂದ, ಸತ್ತವರೆಲ್ಲ ಅಲ್ಲೇ ಚರ್ಚಿನ ಹಿತ್ತಲಲ್ಲಿ ಮಲಗಿದ್ದಾರೆ ಅಂದ.

“ಸುಡೂದಿಲ್ಲಾ? ಹೂಳ್ತಾರ?”

“ಹೂಳ್ತಾರ, ಅತ್ಯಾರ.”

“ಹಂಗಾದ್ರ ನಮ್ಮಂಗ,” ಅಂದಳು ಲಿಂಗವಂತರ ಮುದುಕಿ, ಅರ್ಧ ಬೀಗತನ ಕುದುರಿದ ದನಿಯಲ್ಲಿ.

ಇದರಿಂದ ಹುಡುಗನಿಗೆ ಧೈರ್ಯ ಬಂದು ನಾಲಿಗೆ ಸಡಿಲವಾಯಿತು. ನಮ್ಮದು ಬಹಳ ಸಣ್ಣ ಊರು ಆಂಟಿ, ಎಷ್ಟು ಸಣ್ಣದೆಂದರೆ ನನ್ನ ಮುತ್ತಜ್ಜ ಆರ್ಥರ್ ಮದುವೆಯಾದದ್ದು ತನ್ನ ಫಸ್ಟ್ ಕಸಿನ್ನನ್ನೇ, ಎಂದು ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ. ಅವರ ಕಡೆ ಅದು ನಗೆಪಾಟಲಿನ ವಿಷಯ. ಸುರೇಖಾ ಎರಡನೆಯ ಸಲ ಯೋಚಿಸಲಿಲ್ಲ. “ಇವನ ಮುತ್ತ್ಯಾ ಸೋದರತ್ತಿ ಮಗಳನ್ನ ಮಾಡಿಕೊಂಡಿದ್ದನಂತ್ರಿ,” ಅಂದುಬಿಟ್ಟಳು. ಕಸಿನ್ ಮತ್ತು ಮದುವೆ ಒಂದೇ ವಾಕ್ಯದಲ್ಲಿ ಬಂದರೆ ಬೈಲಹೊಂಗಲದ ಹೆಣ್ಣುಮಗಳ ತಲೆಯಲ್ಲಿ ಬೇರೆ ಅರ್ಥ ಹುಟ್ಟುವುದಾದರೂ ಹೇಗೆ?

ನಿಂಗವ್ವನ ಮುಖ ಊರಗಲವಾಯಿತು. “ಅಯ್ಯ, ಹಂಗಾದ್ರ ನಮ್ಮ ಮಂದೀನ ಬಿಡು. ಸುರೇಖಾ, ಸಕ್ರಿ ತಗೊಂಡು ಬಾ, ಬಾಯಿ ಸಿಹಿ ಮಾಡೋಣು.”

ಸುರೇಖಾ ಅಡುಗೆಮನೆಗೆ ಓಡಿದಳು. ಇಶಿತಾ ಕುಳಿತಲ್ಲಿಂದಲೇ ಗೆಳತಿಯರಿಗೆಲ್ಲ ಎಸ್ಸೆಮ್ಮೆಸ್ ಬಿಟ್ಟಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಡೀ ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಪ್ರಭುದೇವನಿಗೆ, ಹುಡುಗಿಯ ತಂದೆಯಾಗಿ ತಾನೂ ಏನಾದರೂ ಕೇಳಬೇಕು ಅನ್ನಿಸಿತು. ಕಸಿನ್ ಅಂದರೆ ತಂದೆಯ ಕಡೆಯೋ ತಾಯಿಯ ಕಡೆಯೋ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ತಂದೆಯ ಕಡೆ ಅಂಕಲ್. ಅವಳೂ ಪೆನ್‌ಫೋಲ್ಡ್, ಎಡಿತ್ ಪೆನ್‌ಫೋಲ್ಡ್. ಮದುವೆಯಾದರೂ ಸಹಿ ಬದಲಾಯಿಸುವ ಕೆಲಸವಿರಲಿಲ್ಲ,” ಎಂದು ಟೋಬಿ ನಕ್ಕ.

ನಿಂಗವ್ವನಿಗೆ ಇಂಗ್ಲಿಷ್ ತಿಳಿಯದು. ಆದರೆ ಪೆನ್‌ಫೋಲ್ಡ್ ಎಂಬುದು ಒಂದರ ಹಿಂದೊಂದು ಎರಡು ಸಲ ಬಂದದ್ದು ಕಿವಿಗೆ ಬಿತ್ತು. ಏನಂದ ಎಂದು ಮಗನನ್ನು ಕೇಳಿದಳು. ಪ್ರಭುದೇವ ಹುಟ್ಟಿದಾಗಿನಿಂದ ತಾಯಿಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ. ಹೇಳಿದ.

“ಇಬ್ಬರದೂ ಒಂದ ಅಡ್ಡಹೆಸರು. ಹಂಗಾದ್ರ ಅಣ್ಣತಮ್ಮರ ಮಕ್ಕಳು,” ಅಂದಳು ನಿಂಗವ್ವ. ತಟ್ಟೆಯನ್ನು ಮುಂದಕ್ಕೆ ಸರಿಸಿದಳು. “ತಂಗೀನ ಮದುವಿ ಆಗ್ಯಾನ.”

ಸುರೇಖಾ ಸಕ್ಕರೆಯ ಬಟ್ಟಲು ಹಿಡಿದುಕೊಂಡು ಬಂದದ್ದು ಆಗ.

ಇಂಗ್ಲಿಷರ ಬುದ್ಧಿಗೆ ಏನು ಹೇಳೋಣ. ಲೋಕವನ್ನೆಲ್ಲ ಸುತ್ತಿ ಗುಡ್ಡ, ಹೊಳೆ, ಗಿಡ, ಹಕ್ಕಿ ಎಲ್ಲಕ್ಕೂ ಹೆಸರಿಟ್ಟು ಬಂದ ಜನ, ಮನೆಯೊಳಗೆ ಚಿಕ್ಕಪ್ಪನ ಮಗಳಿಗೂ ಸೋದರತ್ತೆಯ ಮಗಳಿಗೂ ಒಂದೇ ಹೆಸರಿಟ್ಟು ಕೈತೊಳೆದುಕೊಂಡರು. ಒಬ್ಬಳು ಒಡಹುಟ್ಟಿದವಳ ಸಮಾನ, ಇನ್ನೊಬ್ಬಳು ಕಟ್ಟಿಕೊಳ್ಳಬೇಕಾದವಳು. ಎರಡನ್ನೂ ಕಸಿನ್ ಎಂಬ ಒಂದೇ ಚೀಲಕ್ಕೆ ತುಂಬಿದರೆ ಮನೆತನ ಉಳಿಯುವುದು ಹೇಗೆ? ಟೋಬಿ ಪಾಪ, ಅದು ತಮ್ಮಲ್ಲಿ ಕಾನೂನಿಗೆ ವಿರುದ್ಧವಲ್ಲ ಎಂದು ಸಮಜಾಯಿಷಿ ಕೊಡಲು ಹೋದ. “ಕಾಯ್ದೆ ಯಾರ ಕೇಳ್ಯಾರ ಅವನ್ನ?” ಎಂದು ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಕೆಳಗೆ, ಕಟ್ಟಡದ ಬುಡದಲ್ಲಿ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ಕಲ್ಲಿನ ಸ್ಟೂಲಿನ ಮೇಲೆ ಕುಳಿತು ಇಶಿತಾ ಅತ್ತಳು, ಅಳುತ್ತಲೇ ನಕ್ಕಳು. “ಮಮ್ಮಿ, ನಾನೂ ಟೋಬಿನೂ ಹೋಗಿ ರಿಜಿಸ್ಟರ್ ಮಾಡ್ಕೊಂಡು ಬರಬಹುದು, ಹಾಫ್ ಡೇ ಲೀವ್ ಸಾಕು. ಬಟ್ ಅಜ್ಜಿ ಇಲ್ದೇ ನಾನು ಮಾಡ್ಕೊಳಲ್ಲ. ಟೋಬಿಗೂ ಹೇಳಿದೀನಿ, ನೀನೊಬ್ನೇ ಲಂಡನ್‌ಗೆ ಹೋಗು ಅಂತ. ಟ್ರಾನ್ಸ್‌ಲೇಟ್ ಮಾಡಿದ್ದು ನೀವು. ನೀವೇ ಫಿಕ್ಸ್ ಮಾಡಿ ಲಾ.”

ಮಗಳ ಮಾತು ಸುರೇಖಾಳಿಗೆ ಚುಚ್ಚಿತು. ಆದರೆ ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಬೈಲಹೊಂಗಲದಲ್ಲಿ ಕಲ್ಲು ಎಸೆದರೆ ಯಾರೋ ಒಬ್ಬ ಪಾಟೀಲನಿಗೆ ಬೀಳುತ್ತದೆ. ಆ ಪಾಟೀಲರೆಲ್ಲ ಅಣ್ಣತಮ್ಮಂದಿರೇನು? ಹಾಗೆಯೇ ಆ ಹಳ್ಳಿಯಲ್ಲೂ ಸಂಬಂಧವಿಲ್ಲದ ಇನ್ನೊಂದು ಪೆನ್‌ಫೋಲ್ಡ್ ಮನೆ ಇದ್ದರೂ ಇದ್ದೀತು. ಟೋಬಿಗೆ ಅಷ್ಟು ಹಿಂದಿನದು ಸರಿಯಾಗಿ ಗೊತ್ತಿರಲಿಲ್ಲ. ಸೋಮವಾರ ಲಂಚ್ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಊರಿನ ಹೆಸರು ಹಾಕಿ ಹುಡುಕಿದಳು. ಆ ಊರಿಗೆ ಒಂದು ಸ್ಥಳೀಯ ಇತಿಹಾಸದ ಸಂಘವಿತ್ತು. ಸಂಘಕ್ಕೆ ವಿನಿಫ್ರೆಡ್ ಟಕರ್ ಎಂಬ ನಿವೃತ್ತ ಟೀಚರು ಕಾರ್ಯದರ್ಶಿ. ಸುರೇಖಾ ಅವಳಿಗೆ ಇ-ಮೇಲ್ ಬರೆದಳು: ಮಾನ್ಯರೇ, ನಾನು ಹೆಣ್ಣಿನ ಕಡೆಯವಳು. ಆರ್ಥರ್ ಪೆನ್‌ಫೋಲ್ಡನ ತಂದೆಯೂ ಎಡಿತಳ ತಂದೆಯೂ ಅಣ್ಣತಮ್ಮಂದಿರೇ ಎಂದು ದಯವಿಟ್ಟು ವಿಚಾರಿಸಿ ತಿಳಿಸಿರಿ.

ಇತಿಹಾಸ ಕೇಳುವವರಿಲ್ಲದೆ ಸೊರಗಿದ್ದ ಹೆಂಗಸು ವಿನಿಫ್ರೆಡ್. ಮೇಲ್ ಬಂದ ಮರುಗಳಿಗೆ ಕಟ್ಟೆ ಒಡೆಯಿತು. ಆರ್ಥರನ ವಿಷಯಕ್ಕೆ ಬರುವ ಮುಂಚೆ ಹಿನ್ನೆಲೆ ತಿಳಿದಿರಬೇಕಲ್ಲ ಎಂದು ಅವಳು ಚರ್ಚಿನ ಗೋಪುರ ಕಟ್ಟಿದಲ್ಲಿಂದ ಶುರುಮಾಡಿದಳು. ಗಂಟೆ ಬಿದ್ದು ಯಾರ ಹಸು ಸತ್ತಿತು, ಯಾವ ಪಾದ್ರಿ ಪ್ರವಚನದ ನಡುವೆ ನಿದ್ದೆ ಹೋಗುತ್ತಿದ್ದ, ಜಾಬ್ ಪೆನ್‌ಫೋಲ್ಡ್ ಎಂಬವನ ಬಾತುಕೋಳಿಗಳು ಪಾದ್ರಿಯ ಹಿತ್ತಲು ಹೊಕ್ಕು ಬಟಾಣಿ ತಿಂದು ಎಂತಹ ವ್ಯಾಜ್ಯವಾಯಿತು, ಎಲ್ಲ ಬಂತು. ಸುರೇಖಾ ಮೊದಲು ಕಣ್ಣಾಡಿಸಿ ಬಿಟ್ಟಳು. ಆಮೇಲೆ ಓದಿದಳು. ಆಮೇಲೆ ಕಾಯತೊಡಗಿದಳು. ಕೊನೆಗೆ ಲಿಟಲ್ ಹ್ಯಾಡ್‌ಕೋಂಬಿನ ಹುಚ್ಚು ನೆತ್ತಿಗೇರಿತು.

ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಗೆಳತಿ ಸರೋಜಾ ಕಾಂಡೋ ಮನೆಗಳ ರೇಟಿನ ಮಾತು ತೆಗೆದರೆ ಇವಳು ಪಾದ್ರಿಯ ಬಟಾಣಿಯ ಮಾತು ತೆಗೆಯುವಳು. ಪ್ರಭುದೇವ ಶೇರುಪೇಟೆಯ ಸುದ್ದಿಗೆ ಟೀವಿ ಹಾಕಿದರೆ, “ಏನ್ರೀ, ಜಾಬ್‌ನ ಎರಡನೇ ಮಗ ಚರ್ಚಿನ ಗಂಟಿ ಹೊಡಿಯೂ ಕೆಲಸಕ್ಕ ಸೇರಿದ ನೋಡ್ರಿ,” ಎಂದು ನಡುವೆ ಬಂದು ನಿಲ್ಲುವಳು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ವಂಶವೃಕ್ಷ ಬರೆದು ಡೈನಿಂಗ್ ಟೇಬಲ್ಲಿಗೆ ಅಂಟಿಸಿದಳು. ಪ್ರತಿ ಹೆಸರಿನ ಪಕ್ಕದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ ಎಂದು ಕನ್ನಡದಲ್ಲಿ ಗುರುತು. ಇದನ್ನು ತಿಳಿದ ವಿನಿಫ್ರೆಡ್ ಅವುಗಳ ಅರ್ಥ ಕೇಳಿ ಕಲಿತು, ಇಷ್ಟು ವರ್ಷ ಈ ಶಬ್ದಗಳಿಲ್ಲದೆ ಹೇಗೆ ಕೆಲಸ ಮಾಡಿದೆನೋ ಎಂದು ಹಲುಬಿ, ತನ್ನ ಇ-ಮೇಲುಗಳಲ್ಲೂ ಸೋದರತ್ತೆ ಎಂದೇ ಬರೆಯತೊಡಗಿದಳು.

ನಿಂಗವ್ವ ಆ ಟೇಬಲ್ಲಿನಲ್ಲಿ ಊಟ ಮಾಡುವುದನ್ನೇ ಬಿಟ್ಟಿದ್ದಳು. ಟೋಪಿಯ ವಿಷಯ ತನ್ನ ಮುಂದೆ ಎತ್ತಬೇಡಿ ಅಂದಿದ್ದಳು. ಆದರೂ ಒಂದು ದಿನ ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ, “ಆ ಬಾತುಕೋಳಿ ವ್ಯಾಜ್ಯ ಏನಾತು?” ಎಂದು ಕೇಳಿದಳು.

“ಪಾದ್ರಿ ಸೋತನ್ರಿ ಅತ್ಯಾರ. ಬೇಲಿ ಹಾಕಿಸದ ಇದ್ದದ್ದು ಅವಂದ ತಪ್ಪು ಅಂದ್ರಂತ.”

“ಮತ್ತ? ಬೇಲಿ ಹಾಕಬೇಕಪಾ,” ಎಂದು ಮುದುಕಿ ಮತ್ತೆ ಗಂಟುಮೋರೆ ಹಾಕಿಕೊಂಡಳು. ಸುರೇಖಾಳಿಗೆ ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಹತ್ತಿತು.

ಕೊನೆಗೂ ಆರ್ಥರನ ಸರದಿ ಬಂತು. ಆರ್ಥರನ ತಂದೆ ವಾಲ್ಟರನಿಗೆ ಇದ್ದವನು ಒಬ್ಬನೇ ತಮ್ಮ, ಅವನು ತೊಟ್ಟಿಲಲ್ಲೇ ತೀರಿಹೋಗಿದ್ದ ಎಂದು ವಿನಿಫ್ರೆಡ್ ಬರೆದಳು. ಊರಲ್ಲಿ ಬೇರೆ ಪೆನ್‌ಫೋಲ್ಡ್ ಮನೆಯೂ ಇರಲಿಲ್ಲ. ವಾಲ್ಟರನಿಗೆ ಹ್ಯಾನಾ ಎಂಬ ತಂಗಿಯಿದ್ದಳು. ಎಡಿತ್ ಆ ಹ್ಯಾನಾಳ ಮಗಳು. “ನಿಮ್ಮ ಲೆಕ್ಕದಲ್ಲಿ ಸೋದರತ್ತೆಯ ಮಗಳು, ಅಲ್ಲವೇ?”

ಸುರೇಖಾ ಆಫೀಸಿನ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ಪಕ್ಕದ ಚೀನೀ ಹುಡುಗಿ ಟೋಟೋ ಲಾಟರಿ ಹೊಡೆಯಿತೇ ಎಂದು ಕೇಳಿದಳು. ಹೊಡೆಯಿತು ಅಂದಳು ಸುರೇಖಾ. ತನ್ನ ಬಾಯಿಂದ ಬಂದದ್ದು ತಪ್ಪೇ ಆಗಿರಲಿಲ್ಲ. ಇನ್ನೇನು ಬೇಕು? ಇ-ಮೇಲಿನ ಉಳಿದ ಸಾಲು ಓದಲು ಬಗ್ಗಿದವಳು ಹಾಗೆಯೇ ಕುಳಿತಳು. ಸೋದರತ್ತೆಯ ಮಗಳಾದರೆ ಅವಳ ಅಡ್ಡಹೆಸರು ಪೆನ್‌ಫೋಲ್ಡ್ ಹೇಗಾಯಿತು? ಹೇಗೆಂದರೆ, ಹ್ಯಾನಾಳಿಗೆ ಮದುವೆಯೇ ಆಗಿರಲಿಲ್ಲ. ಕೂಸಿಗೆ ತಾಯಿಯ ಹೆಸರೇ ಅಂಟಿತ್ತು. ತಂದೆ ಯಾರೋ, ಚರ್ಚಿನವರು ಆ ಜಾಗವನ್ನು ಖಾಲಿ ಬಿಟ್ಟಿದ್ದರು.

ಸಂಜೆ ವಿಷಯ ಕೇಳಿದ ಟೋಬಿ ಬಿಳುಚಿಕೊಂಡ. ಹ್ಯಾನಾ ಒಬ್ಬ ಪೆನ್‌ಫೋಲ್ಡನ ವಿಧವೆಯೆಂದೇ ಅವನ ಮನೆಯಲ್ಲಿ ಕಿರಿಯರೆಲ್ಲ ನಂಬಿದ್ದರು. ಪ್ರಭುದೇವ ಹೆಂಡತಿಯನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದ. “ಸೋದರತ್ತಿ ಮಗಳು ಅಂತ ಅಷ್ಟ ಹೇಳು ಅವ್ವಗ. ಅದು ಸುಳ್ಳಂತೂ ಅಲ್ಲ. ಉಳಿದದ್ದು ಯಾಕ ಬೇಕು?”

ಸುರೇಖಾಳಿಗೂ ಆಸೆಯಾಯಿತು. ಮಗಳ ಮುಖ ಕಣ್ಣ ಮುಂದೆ ಬಂತು. ಇದು ತಿಳಿದರೆ ಅತ್ತೆ ಮೊದಲಿನದಕ್ಕಿಂತ ಹತ್ತುಪಟ್ಟು ಹೇಸಿಕೊಂಡಾಳು ಎಂದು ಹೆದರಿಕೆಯಾಯಿತು. ಆದರೆ ಮುನ್ನೂರು ವರ್ಷದ ಆ ಜನ ಈಗ ಅವಳಿಗೆ ಬರೀ ಹೆಸರುಗಳಾಗಿ ಉಳಿದಿರಲಿಲ್ಲ. ಹ್ಯಾನಾಳನ್ನು ಮತ್ತೊಮ್ಮೆ ಮುಚ್ಚಿಡಲು ಮನಸ್ಸು ಬರಲಿಲ್ಲ.

“ಒಮ್ಮೆ ಅರ್ಧಾ ತಿಳಕೊಂಡು ಹೇಳಿ ಇಷ್ಟೆಲ್ಲಾ ಆತು. ಪೂರಾ ಹೇಳ್ತೀನ್ರಿ,” ಅಂದಳು.

ಅತ್ತೆಯ ದಿವಾನಿನ ಮೇಲೆ ವಂಶವೃಕ್ಷವನ್ನು ಹರವಿ, ಬೆರಳಿಟ್ಟು, ಪೂರಾ ಹೇಳಿದಳು. ಎಲ್ಲ ಮುಗಿದ ಮೇಲೆ ನಿಂಗವ್ವ, ಹ್ಯಾನಾಳ ಹೆಸರಿದ್ದ ಜಾಗ ಯಾವುದೆಂದು ಇನ್ನೊಮ್ಮೆ ತೋರಿಸಲು ಹೇಳಿದಳು. ತೋರಿಸಿದ್ದಾಯಿತು.

“ಬಸುರಿ ಆದ ಮ್ಯಾಲ ಆ ಹುಡುಗೀನ ಎಲ್ಲಿ ಇಟ್ರು?”

ಅದು ಸುರೇಖಾಳಿಗೆ ಗೊತ್ತಿರಲಿಲ್ಲ. ಅದನ್ನು ಕೇಳಬೇಕೆಂದು ಹೊಳೆದೂ ಇರಲಿಲ್ಲ.

“ಅದನ್ನ ತಿಳಕೋ ಹೋಗು. ಮನಿತನ ಹೆಂಥಾದ್ದು ಅಂತ ಅದರಾಗ ಗೊತ್ತಾಗತೈತಿ. ನಾ ಆಮ್ಯಾಲ ಹೇಳ್ತೀನಿ.”

ಇದನ್ನು ವಿನಿಫ್ರೆಡ್ ಹೇಳಲಾರಳು. ಹೇಳಬಲ್ಲವನು ಒಬ್ಬನೇ ಉಳಿದಿದ್ದ. ಟೋಬಿಯ ತಾತ ಸಿರಿಲ್, ಆರ್ಥರ್ ಮತ್ತು ಎಡಿತಳ ಮಗ, ಎಂಬತ್ತು ದಾಟಿದರೂ ಅದೇ ಹೊಲಮನೆಯಲ್ಲಿದ್ದ. ಭಾನುವಾರ ಸಂಜೆ, ಅಲ್ಲಿ ಬೆಳಗಾಗಿರುವ ಹೊತ್ತು ನೋಡಿ, ಎಲ್ಲರೂ ಫೋನಿನ ಸುತ್ತ ಕುಳಿತರು. ಟೋಬಿ ಸ್ಪೀಕರ್ ಒತ್ತಿದ. ಹವಾಮಾನ ಮಾತಾಡಿದ, ಕುರಿಗಳ ಆರೋಗ್ಯ ಮಾತಾಡಿದ, ಆಮೇಲೆ ಕಣ್ಣು ಮುಚ್ಚಿಕೊಂಡು ಹ್ಯಾನಾಳ ವಿಷಯ ಕೇಳಿದ. ಆ ಕಡೆ ಒಂದು ನಾಯಿ ಬೊಗಳಿದ್ದು ಕೇಳಿಸಿತು. ಇಶಿತಾ ತಾಯಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತುತ್ತಿತ್ತು.

“ಯಾರಿಗೆ ಬೇಕಾಗಿದೆ ಇದು?” ಎಂದು ಸಿರಿಲ್ ಕೇಳಿದ.

“ಇಶಿತಾಳ ಅಜ್ಜಿಗೆ.”

“ಏನು ಬೇಕಂತೆ?”

“ಆಗ ಹ್ಯಾನಾಳನ್ನು ಎಲ್ಲಿ ಇಟ್ಟರು ಅಂತ.”

“ಓ,” ಅಂದ ಮುದುಕ. ಅವನ ದನಿ ಬೇರೆಯಾಯಿತು. “ಇಷ್ಟು ದಿನ ಯಾರೂ ಅದನ್ನು ಕೇಳಲಿಲ್ಲ.”

ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ, ಸುರೇಖಾ ಹಿಂದೆ ಹಿಂದೆ ಕನ್ನಡ ಮಾಡಿದಳು. ಹ್ಯಾನಾ ಪಟ್ಟಣದಲ್ಲಿ ಮನೆಗೆಲಸಕ್ಕಿದ್ದಳು. ವಿಷಯ ತಿಳಿದ ಕೂಡಲೇ ಕೆಲಸದ ಮನೆಯವರು ಹೊರಗೆ ಹಾಕಿದರು. ಸುದ್ದಿ ಮುಟ್ಟಿದಾಗ ಅಣ್ಣ ವಾಲ್ಟರ್ ಹುಲ್ಲಿನ ಗಾಡಿ ಕಟ್ಟಿಕೊಂಡು ಹೋದ. ಕತ್ತಲಾದ ಮೇಲೆ ಹಿಂದಿನ ಓಣಿಯಿಂದ ಕರೆತರಬಹುದಾಗಿತ್ತು, ಹಾಗೆಂದು ಅವನ ಹೆಂಡತಿ ಹೇಳಿಯೂ ಇದ್ದಳು. ವಾಲ್ಟರ್ ಕರೆತಂದದ್ದು ಭಾನುವಾರ, ಚರ್ಚು ಬಿಡುವ ಹೊತ್ತಿಗೆ, ನಡುಬೀದಿಯಲ್ಲಿ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎದುರು ಬಂದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತ ಬಂದ. ಎಡಿತ್ ಹುಟ್ಟಿದ್ದು ವಾಲ್ಟರನ ಮನೆಯಲ್ಲೇ. ವಿಧವೆ ಎಂಬ ಕಥೆಯನ್ನು ಆಮೇಲೆ ಮೊಮ್ಮಕ್ಕಳಿಗೋಸ್ಕರ ಕಟ್ಟಿದವಳು ಹ್ಯಾನಾ. ವಾಲ್ಟರ್ ಎಂದೂ ಹಾಗೆ ಹೇಳಿದವನಲ್ಲ.

ಕನ್ನಡ ಮಾಡಿ ಮುಗಿಸಿ ಸುರೇಖಾ ಅತ್ತೆಯ ಕಡೆ ತಿರುಗಿದಳು.

“ಹಗಲ ಹೊತ್ತಿನ್ಯಾಗ ಕರಕೊಂಡು ಬಂದ?” ಎಂದು ನಿಂಗವ್ವ ಕೇಳಿದಳು.

“ಹಗಲ ಹೊತ್ತಿನ್ಯಾಗ, ಅತ್ಯಾರ.”

“ಮಂದಿ ಮುಂದ?”

“ಮಂದಿ ಮುಂದ.”

ನಿಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ತವರು ತಪ್ಪಿಸಲಿಲ್ಲ ಆಕಿಗೆ,” ಅಂದಳು.

ಅವರು ಏನಂದರು ಎಂದು ಸಿರಿಲ್ ಕೇಳಿದ. ಸುರೇಖಾ ಈ ಸಲ ಅವಸರ ಮಾಡಲಿಲ್ಲ. ತವರು ಎಂಬುದಕ್ಕೆ ನಿಮ್ಮಲ್ಲಿ ಶಬ್ದವಿಲ್ಲ ಅಂಕಲ್, ಹೊರಗೆ ಹೋದ ಹೆಣ್ಣುಮಗಳು ಯಾವಾಗ ಬಂದರೂ, ಹೇಗೆ ಬಂದರೂ, ಬಾಗಿಲು ತೆಗೆಯುವ ಮನೆ ಅದು ಅಂದಳು.

“ನಾವು ಬರೀ ಹೋಮ್ ಅನ್ನುತ್ತೇವೆ.”

“ಹೋಮ್ ಎಲ್ಲರಿಗೂ ಇರುತ್ತದೆ. ಇದು ಹೆಣ್ಣುಮಕ್ಕಳಿಗೆ ಮಾತ್ರ.”

ಮುದುಕ ಯೋಚಿಸಿದ. “ಹಾಗಾದರೆ ನಮ್ಮ ಹ್ಯಾನಾಗೆ ಅದು ಇತ್ತು,” ಅಂದ.

“ಬೀಗರಿಗೆ ಹೇಳು,” ಅಂದಳು ನಿಂಗವ್ವ, “ಹುಡುಗೀನ ಕೊಟ್ಟೇವಿ ಅಂತ.”

ಸುರೇಖಾ ಅದನ್ನು ಹೇಳುವುದರೊಳಗೆ ಮನೆ ಮನೆಯಾಗಿ ಉಳಿಯಲಿಲ್ಲ. ಪ್ರಭುದೇವ ಟೋಬಿಯ ಬೆನ್ನು ಬಡಿದ ರಭಸಕ್ಕೆ ಹುಡುಗ ಕೆಮ್ಮತೊಡಗಿದ. ಇಶಿತಾ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಸುರೇಖಾ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಮುದುಕಿ ಮೊಮ್ಮಗಳನ್ನು ಸ್ವಲ್ಪ ದೂರ ಸರಿಸಿ, ಗದ್ದ ಹಿಡಿದು ಮುಖ ನೋಡಿದಳು.

“ಹೋಗಿ ಬಾ. ಮುಂದ ಏನರ ಹೆಚ್ಚುಕಡಿಮಿ ಆತಂದ್ರ, ಅಲ್ಲೇ ಬಾಯಿ ಮುಚಗೊಂಡು ಕುಂದರಬ್ಯಾಡ. ಕತ್ತಲದಾಗ ಕದ್ದೂ ಬರಬ್ಯಾಡ. ಹಗಲ ಹೊತ್ತಿನ್ಯಾಗ ಬಾ, ಕೆಳಗ ಕುಂತ ಮಂದಿ ಎಲ್ಲಾ ನೋಡೂವಂಗ ಬಾ. ನಿಮ್ಮಪ್ಪ ಏರ್‌ಪೋರ್ಟಿಗೆ ಬರ್ತಾನ.”

“ಬರ್ತೀನಿ ಯವ್ವಾ,” ಅಂದ ಪ್ರಭುದೇವ.

ಅಜ್ಜಿ ಏನಂದರು ಎಂದು ಟೋಬಿ ಕೇಳಿದ. ಸುರೇಖಾ ಒಂದು ಶಬ್ದವನ್ನೂ ಬಿಡದೆ ಹೇಳಿದಳು. ಅವನು ಬಾಯಿ ತೆರೆಯುವ ಮುಂಚೆಯೇ ಫೋನಿನೊಳಗಿಂದ ತಾತ ಗದರಿದ, “ಕೇಳಿಸಿಕೊಂಡೆಯೇನೋ ಟೋಬಿ?”